ಬಸ್ಸಿನ ಸಭೆ

ಡಯಾಲಿಸಿಸ್ ಕೇಂದ್ರದ ಮುಂದೆ ಬಸ್ಸು ಎಂದಿನಂತೆ ವೆಲ್ಡಾಳಿಗೆ ಇಳಿಯಲು ಸುಲಭವಾಗಲೆಂದು ಉಸ್ಸೆಂದು ಗಾಳಿ ಬಿಟ್ಟು ಬಾಗಿಲ ಬದಿಗೆ ಬಾಗಿತು. ಮುದುಕಿ ಮಾತ್ರ ಇಳಿಯಲಿಲ್ಲ. ವಾಕರ್ ಊರಿಕೊಂಡು ಡ್ರೈವರ್ ಆರ್ಲೋನನ್ನೇ ನೋಡುತ್ತ ನಿಂತಳು.

"ಸೋಮವಾರದಿಂದ ಬಸ್ಸೇ ಇಲ್ವೇನಪ್ಪ?"

"ಇಲ್ಲಜ್ಜಿ. ಬಸ್ಸು ನಿಲ್ಸೋದಕ್ಕೆ ಆಕ್ಷೇಪಣೆ ಇದ್ದೋರು ಬನ್ನಿ ಅಂತ ಕೌಂಟಿ ಆಡಳಿತದೋರು ನಿನ್ನೆ ರಾತ್ರಿ ಏಳು ಗಂಟೆಗೆ ಸಭೆ ಕರೆದಿದ್ರಲ್ಲ, ಒಂದು ನರಪಿಳ್ಳೆಯೂ ಬರ್ಲಿಲ್ವಂತೆ. ಜನರದ್ದೇನೂ ತಕರಾರಿಲ್ಲ ಅಂತ ಮುಗಿಸಿಬಿಟ್ರು."

"ನಾನು ಹೊರಟಿದ್ನಲ್ಲೋ! ಚರ್ಚಿಗೆ ಹೋಗೋವಾಗ ಹಾಕೋ ಕೋಟು ಹಾಕ್ಕೊಂಡು ಕತ್ತಲಾಗೋವರೆಗೂ ಸ್ಟಾಪಲ್ಲಿ ಕೂತಿದ್ದೆ."

"ಕೊನೇ ಬಸ್ಸು ಸಂಜೆ ಐದಕ್ಕೇ ಅಂತ ನಿಮಗೆ ಗೊತ್ತಿಲ್ವಾ ಅಜ್ಜಿ?"

"ಗೊತ್ತು ಕಣೋ. ಬಸ್ಸಿನ ಸಭೆಗಾದ್ರೂ ಒಂದು ಬಸ್ಸು ಬಿಡ್ತಾರೆ ಅಂದ್ಕೊಂಡೆ."

ಆರ್ಲೋಗೆ ನಗು ಬಂತು. ಬಂದ ನಗುವನ್ನು ಎಲ್ಲಿಡಬೇಕೋ ತಿಳಿಯದೆ ಟೋಪಿ ತೆಗೆದ. "ಏನು ಹೇಳ್ಬೇಕು ಅಂತಿದ್ರಿ? ನನಗಾದ್ರೂ ಹೇಳಿ."

ವೆಲ್ಡಾ ಕಾಲರ್ ಸರಿಮಾಡಿಕೊಂಡು ಖಾಲಿ ಸೀಟುಗಳ ಕಡೆ ತಿರುಗಿದಳು. ಸಭೆಯಲ್ಲಿ ಹೇಳಬೇಕಾದ ಕ್ರಮದಲ್ಲೇ ಮೊದಲು ತನ್ನ ಹೆಸರು, ವಿಳಾಸ ಹೇಳಿದಳು. "ಸೋಮವಾರ ರಕ್ತ ತೊಳೆಸೋಕೆ ನಾನು ಇಲ್ಲಿಗೆ ಹೇಗೆ ಬರ್ಲಿ? ಅಷ್ಟೇ ಕೇಳೋದಿತ್ತು."

ಆಮೇಲೆ ವಾಕರನ್ನು ಮುಂದಿಟ್ಟು ಇಳಿದಳು. ಆರ್ಲೋ ಗುಂಡಿ ಒತ್ತಿದ. ಬಾಗಿದ್ದ ಬಸ್ಸು ಎದ್ದು ನೆಟ್ಟಗೆ ನಿಂತಿತು.