ತೊಳೆದುಹೋದ ನಕ್ಷೆ

ಗಂಜಿ ಹಾಕಿದ ಬಟ್ಟೆಯನ್ನು ಬಿಸಿನೀರಿಗೆ ಅದ್ದಿದಾಗ ಬರುವ ವಾಸನೆ ಈಗಲೂ ನನ್ನನ್ನು ಕಾರ್ಕಳದ ಆ ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಊರಿನ ಹಳೆಯ ಬಂಗಲೆಯನ್ನು ಬ್ರಿಟಿಷರ ಕಾಲದ ಇಂಜಿನಿಯರೊಬ್ಬ ತಾನೇ ನಕ್ಷೆ ಬರೆದು ಕಟ್ಟಿಸಿದ್ದನಂತೆ. ಅಲ್ಲಿ ಜವಾನರಾಗಿದ್ದ ಅಪ್ಪ ಅಟ್ಟ ಗುಡಿಸುವಾಗ ಸಿಕ್ಕಿದ ಬಟ್ಟೆಯ ಸುರುಳಿಯೊಂದನ್ನು ಮನೆಗೆ ತಂದಿಟ್ಟಿದ್ದರು. ಅದು ಕಾಗದದಂತೆ ಗರಿಗರಿಯಾಗಿತ್ತು. ಮೇಲೆಲ್ಲ ಕಂಬ, ಕಮಾನು, ಕಿಟಕಿಗಳ ನವಿರಾದ ಗೆರೆಗಳು, ನಡುವೆ ತುಂಬಿದ ತೆಳು ಬಣ್ಣ.

“ಗಂಜಿ ಹೋದ್ರೆ ಒಳ್ಳೆ ಮೆತ್ತಗಿನ ಬಟ್ಟೆ ಇದು. ಆದ್ರೆ ಅಪ್ಪನನ್ನು ಕೇಳದೆ ಮುಟ್ಟಬೇಡ,” ಎಂದಿದ್ದರು ಅಮ್ಮ.

ತಮ್ಮ ಹುಟ್ಟಿ ಆಗ ತಿಂಗಳಾಗಿತ್ತಷ್ಟೆ. ಅವನಿಗೆ ಹೊದಿಸುವ ಆಸೆಯಿಂದ, ಅಮ್ಮ ಮಲಗಿದ್ದಾಗ ನಾನು ಅದನ್ನು ಹಂಡೆಯ ಬಿಸಿನೀರಿನಲ್ಲಿ ಉಜ್ಜಿದೆ. ಗೋಡೆಗಳ ಕೆಂಪು ಮೊದಲು ಬಿಟ್ಟಿತು, ಆಮೇಲೆ ಛಾವಣಿಯ ನೀಲಿ. ಬಟ್ಟೆ ಮಲ್ಲಿಗೆಯಷ್ಟು ಮೃದುವಾಯಿತು. ಬಿಸಿಲಿಗೆ ಒಣಗಿಸಿ, ತೊಟ್ಟಿಲಲ್ಲಿ ಮಲಗಿದ್ದ ತಮ್ಮನಿಗೆ ಹೊದಿಸಿದೆ.

ಅಂದು ಸಂಜೆ ಶಾಲೆಯ ಡ್ರಾಯಿಂಗ್ ಮಾಸ್ಟರು ಅಪ್ಪನ ಜೊತೆಗೇ ಬಂದರು. ಕುಸಿಯುತ್ತಿದ್ದ ಬಂಗಲೆಯನ್ನು ಮೊದಲಿದ್ದಂತೆಯೇ ದುರಸ್ತಿ ಮಾಡಿಸಲು ಮಾಸ್ಟರು ಮೇಲಧಿಕಾರಿಗಳನ್ನು ಒಪ್ಪಿಸಿದ್ದರು.

“ನಕ್ಷೆ ಎಲ್ಲುಂಟು ಮಾರಾಯ? ಇರುವುದು ಅದೊಂದೇ,” ಎಂದು ಅವರು ಅಪ್ಪನನ್ನು ಕೇಳಿದರು.

ಅಪ್ಪ ತೊಟ್ಟಿಲು ನೋಡಿ ತಲೆ ತಗ್ಗಿಸಿದರು. ಮಾಸ್ಟರು ಬಗ್ಗಿ ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿದರು.

“ಯಾರು ತೊಳೆದದ್ದು?”

ನಾನು ಬಾಗಿಲ ಹಿಂದೆ ಸರಿದೆ.

“ನಾನೇ,” ಎಂದರು ಅಮ್ಮ.

ಅಪ್ಪ ಬಟ್ಟೆಗೆ ಕೈ ಹಾಕಿದರು. “ಬೇಡ, ತೆಗೀಬೇಡ. ಮಗು ಏಳ್ತದೆ,” ಎಂದು ಮಾಸ್ಟರು ಹೊರಟುಹೋದರು.

ಮಳೆಗಾಲಕ್ಕೆ ಮೊದಲೇ ಬಂಗಲೆಯ ಹೆಂಚು ಇಳಿಸಿ, ಕಮಾನುಗಳನ್ನು ಒಡೆದು, ಸ್ಲ್ಯಾಬ್ ಹಾಕಿದರು. ಆಮೇಲೂ ಮಾಸ್ಟರು ದಾರಿಯಲ್ಲಿ ಸಿಕ್ಕಿದಾಗಲೆಲ್ಲ ನನ್ನ ತಲೆ ಸವರಿ ಮಾತಾಡಿಸುತ್ತಿದ್ದರು. ಪಕ್ಕದಲ್ಲೇ ಇದ್ದ ಅಮ್ಮನನ್ನು ಮಾತ್ರ ಒಮ್ಮೆಯೂ ಮಾತಾಡಿಸಲಿಲ್ಲ.