ತಗಡಿನ ಹಿಂಬದಿ

ಇವತ್ತಿನ ತಪ್ಪು ಹದಿನಾಲ್ಕನೆಯ ಪುಟದಲ್ಲಿತ್ತು. ಮೇಲಿನ ಸಾಲಿನಲ್ಲೇ, ಕಣ್ಣಿಗೆ ಹೊಡೆಯುವಂತೆ. ಸೀತಾಲಕ್ಷ್ಮಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಸಿದ್ದೇಶ ಮತ್ತೆ ಎಡವಿದ್ದ.

ಮರಾಠಿ ಸೀಮೆಯ ಮಿಹಾನ್ ಉದ್ಯಮ ವಲಯದ ಒಂದು ಪುಟ್ಟ ಕಚೇರಿಯಲ್ಲಿ ಹದಿನೆಂಟನೆಯ ಶತಮಾನದ ಜರ್ಮನ್ ಸಂಗೀತ ಪ್ರಕಾಶಕನೊಬ್ಬನ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದರು. ಆತ ಸ್ವರಗಳನ್ನು ಮೆತ್ತನೆಯ ಲೋಹದ ತಗಡಿನ ಮೇಲೆ ಕೊರೆಸಿ ಅಚ್ಚು ಹಾಕಿಸಿದ್ದ. ಆ ಹಾಳೆಗಳ ಚಿತ್ರ ನೋಡಿ ಸಿದ್ದೇಶ ಒಂದೊಂದೇ ಸ್ವರ ಕೂರಿಸುತ್ತಿದ್ದ. ಶಾಲೆಯಲ್ಲಿ ಮೂವತ್ತು ವರ್ಷ ಪಾಶ್ಚಾತ್ಯ ಪಿಟೀಲು ಕಲಿಸಿದ್ದ ಸೀತಾಲಕ್ಷ್ಮಿ ಅದನ್ನು ಮೂಲದೊಡನೆ ಹೋಲಿಸಿ ತಿದ್ದುತ್ತಿದ್ದರು. ಕಂಡ ತಪ್ಪನ್ನೆಲ್ಲ ಕೆಂಪು ಪಟ್ಟಿಯಲ್ಲಿ ಬರೆಯಬೇಕೆಂಬುದು ನಿಯಮ.

ಅವರು ಈಗ ಬರೆಯುತ್ತಿರಲಿಲ್ಲ, ಸದ್ದಿಲ್ಲದೆ ತಿದ್ದಿಬಿಡುತ್ತಿದ್ದರು. ಹಿಂದೆ ಗೌತಮ್ ಎಂಬವನ ಹೆಸರಿನ ಮುಂದೆ ಪಟ್ಟಿ ತುಂಬಿತ್ತು. ಮೂರು ತಿಂಗಳ ಕೆಳಗೆ ಒಂದು ಸಂಜೆ ಅವನು ಗುರುತಿನ ಚೀಟಿ ಒಪ್ಪಿಸಿ ಹೊರಟುಹೋದ. ಆ ಪಟ್ಟಿ ಬರೆದದ್ದು ಇವರ ಕೈ. ಈಗ ಉಳಿದವನು ಸಿದ್ದೇಶ ಒಬ್ಬನೇ. ಅವನ ಹೆಂಡತಿ ನೇತ್ರಾಗೆ ಏಳು ತಿಂಗಳು. ಇನ್ನೊಮ್ಮೆ ಆ ಪಾಪ ಬೇಡ.

ಧೈರ್ಯ ಕೊಟ್ಟದ್ದು ಆ ಹಳೆಯ ತಗಡುಗಳೇ. ಅಚ್ಚಾದ ಹಾಳೆಯಲ್ಲಿ ಅಲ್ಲಲ್ಲಿ ಒಂದು ಸ್ವರದ ಪಕ್ಕ ಇನ್ನೊಂದರ ಮಸುಕು ನೆರಳು. ತಪ್ಪು ಬಿದ್ದಾಗ ತಗಡನ್ನು ಮಗುಚಿ, ಹಿಂಬದಿಯಿಂದ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿ, ಸರಿಯಾದದ್ದನ್ನು ಮತ್ತೆ ಒತ್ತುತ್ತಿದ್ದರಂತೆ. ಯಾರು ತಪ್ಪಿದರು, ಯಾರು ತಿದ್ದಿದರು, ಎಲ್ಲೂ ಬರೆದಿಟ್ಟಿಲ್ಲ. ಅದರಿಂದ ಸಂಗೀತಕ್ಕೇನೂ ಆಗಿಲ್ಲ.

ಆದರೂ ಒಂದು ಸಂಗತಿ ಅವರಿಗೆ ಬಗೆಹರಿಯದು. ಮೂರು ತಿಂಗಳ ಹಿಂದಿನವರೆಗೆ ಸಿದ್ದೇಶನದು ಸ್ವಚ್ಛ ಕೈ. ಈಗಲೂ ಇರುವೆ ಸಾಲಿನಂಥ ಕಷ್ಟದ ಜಾಗಗಳಲ್ಲಿ ಒಂದು ಚುಕ್ಕೆ ತಪ್ಪುವುದಿಲ್ಲ. ಸುಲಭದ ಸಾಲಿನಲ್ಲಿ ಎಡವುತ್ತಾನೆ, ಪುಟಕ್ಕೊಂದೇ. ನಿದ್ದೆಗೇಡು, ಮನೆಯ ಚಿಂತೆ ಎಂದುಕೊಂಡರು. ಆ ಚಿಂತೆ ಏನೆಂದು ಅವರಿಗೂ ಗೊತ್ತು: ತಮ್ಮ ಪತಿ ಹಯವದನ ಹಾಸಿಗೆ ಹಿಡಿದು ಎರಡು ವರ್ಷ, ಒಲೆ ಉರಿಯುವುದು ಈ ಕೆಲಸದಿಂದಲೇ.

ಚಹಾದ ಹೊತ್ತಿಗೆ ಸಿದ್ದೇಶ ಲೋಟ ತಂದಿಟ್ಟ. ಸಕ್ಕರೆಯಿಲ್ಲದ್ದು, ಒಂದು ದಿನವೂ ಅವನು ಮರೆತವನಲ್ಲ. ಕಂಪನಿಯ ಗಾಡಿಯಲ್ಲಿ ಕಿಟಕಿ ಬದಿಯ ಸೀಟನ್ನೂ ಇವರಿಗೇ ಹಿಡಿದಿಡುವವನು.

“ಹದಿನಾಲ್ಕನೇದು ನೋಡಿದ್ರೇನ್ರೀ ಅಕ್ಕಾರ?”

“ನೋಡಿದೆ ಕಣಪ್ಪ. ನೀನು ಯೋಚನೆ ಮಾಡಬೇಡ.”

“ನಿಮ್ಮ ಕಣ್ಣಿಗೆ ಬಿದ್ರ ಸಾಕ್ರಿ. ನನಗ ಬರೋಬರ್ ನಿದ್ದಿ ಬರ್ತೈತಿ.”

ಪಾಪ, ಎಷ್ಟು ಹೆದರಿದ್ದಾನೆ ಎನಿಸಿತು ಅವರಿಗೆ. ತಪ್ಪನ್ನು ತಿದ್ದಿದರು. ಪಟ್ಟಿಯನ್ನು ಖಾಲಿ ಬಿಟ್ಟರು.

ಶುಕ್ರವಾರ ಮೇಲಧಿಕಾರಿ ಚಾರುಲತಾ ಇಬ್ಬರನ್ನೂ ಕರೆಸಿದಳು. ಮೇಜಿನ ಮೇಲೆ ಕೆಂಪು ಪಟ್ಟಿ ತೆರೆದಿತ್ತು. ಗುಟ್ಟು ಹೊರಬಿತ್ತೆಂದುಕೊಂಡ ಸೀತಾಲಕ್ಷ್ಮಿ, ಎಲ್ಲವೂ ತಮ್ಮದೇ ಹೊಣೆ ಎನ್ನಲು ಬಾಯಿ ತೆರೆದರು. ಚಾರುಲತಾ ತಡೆದಳು. ಅವಳಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ತಾನೇ ಕುರ್ಚಿ ಎಳೆದು ಅವರನ್ನು ಕೂರಿಸಿ, ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು: ಮೂರು ತಿಂಗಳಿಂದ ಪಟ್ಟಿಯಲ್ಲಿ ಒಂದು ತಪ್ಪೂ ಇಲ್ಲ. ತಪ್ಪೇ ಬಾರದ ಕಡೆ ತಿದ್ದುವವರು ಬೇಡವೆಂದು ಮೇಲಿನವರು ನಿರ್ಧರಿಸಿದ್ದಾರೆ. ಹೀಗಾಗಬಹುದೆಂದು ಗೌತಮ್ ಹೋದಾಗಲೇ ಸಿದ್ದೇಶನಿಗೆ ಸೂಚನೆ ಕೊಟ್ಟಿದ್ದೆ. ಸೋಮವಾರದಿಂದ ನೀವು ಬರಬೇಕಾಗಿಲ್ಲ.

ಸೀತಾಲಕ್ಷ್ಮಿ ಸಿದ್ದೇಶನತ್ತ ನೋಡಿದರು. ಅವನು ಮೇಜಿನ ಮೇಲಿನ ಖಾಲಿ ಪಟ್ಟಿಯನ್ನೇ ನೋಡುತ್ತಿದ್ದ.

“ನಿಮ್ಮ ಕೆಲಸ ಉಳೀಲಿ ಅಂತ ಪುಟಕ್ಕೊಂದು ಬೇಕಂತನ ತಪ್ಪು ಇಟ್ಟಿದ್ನಲ್ರೀ ಅಕ್ಕಾರ,” ಎಂದ ಅವನು. “ಒಂದೂ ಯಾಕ ಬರೀಲಿಲ್ಲ?”