ಲೆನ್ಸಿಗೊಂದು ಕನ್ನಡಕ

ಅಣ್ಣನ ಕೈಜಾರಿದ ಕ್ಯಾಮೆರಾ ತರಗತಿಯ ಬೆಂಚಿಗೆ ಬಡಿದು, ಮುಂದಿನ ಗಾಜು ಚೂರಾಯಿತು. "ಮುಗೀತು, ಲೆನ್ಸ್ ಹೋಯ್ತು" ಎಂದು ಅವನು ತಲೆಯ ಮೇಲೆ ಕೈಹೊತ್ತು ಕೂತ. ಗುಂಪು ಫೋಟೊಗೆ ನಿಂತಿದ್ದ ಮೇಷ್ಟ್ರುಗಳು ಮುಖ ಮುಖ ನೋಡಿಕೊಂಡರು.

ಸಹಾಯಕ್ಕೆಂದು ಜೊತೆಗೆ ಬಂದಿದ್ದ ತಂಗಿ ಇಷ್ಟು ವರ್ಷ ಆ ಕ್ಯಾಮೆರಾ ಒರೆಸಿದ್ದಳೇ ಹೊರತು ಅದರಲ್ಲಿ ಒಂದು ಫೋಟೊ ತೆಗೆದವಳಲ್ಲ, ಅಣ್ಣ ಬಿಟ್ಟಿರಲಿಲ್ಲ. ಈಗ ಜಡೆಯ ರಬ್ಬರ್ ಬ್ಯಾಂಡ್ ಬಿಚ್ಚಿ, ಒಡೆದ ಗಾಜಿನ ಸುತ್ತಲ ನಗ್ಗಿದ ಲೋಹದ ಅಂಚಿಗೆ ಬಿಗಿಯಾಗಿ ಸುತ್ತಿ, ಹಲ್ಲುಕಚ್ಚಿ ತಿರುಗಿಸಿದಳು. ಲೆನ್ಸಿನ ರಕ್ಷಣೆಗೆ ಮೇಲೆ ಹಾಕಿದ್ದ ಫಿಲ್ಟರ್ ಕಳಚಿ ಬಂತು, ಒಡೆದದ್ದು ಅದರ ಗಾಜು. ಒಳಗಿನ ಲೆನ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಇದನ್ನ ಯಾವಾಗ ಹಾಕಿದ್ದೆ?"

"ಲೆನ್ಸಿಗೆ ಕನ್ನಡಕ ಬೇರೆ ಕೇಡು ಅಂತ ನಕ್ಕಿದ್ಯಲ್ಲಣ್ಣ, ಅವತ್ತೇ."

ಅಣ್ಣ ಕೈಚಾಚಿದ. ಅವಳು ಕ್ಯಾಮೆರಾದ ಪಟ್ಟಿಯನ್ನು ತನ್ನ ಕೊರಳಿಗೇ ಹಾಕಿಕೊಂಡು, ಎಂದೂ ಎತ್ತದ ದನಿ ಎತ್ತಿದಳು: "ಮೇಷ್ಟ್ರೇ, ಕಿಟಕಿ ಕಡೆ ಅಲ್ಲ, ಇಲ್ಲಿ ನೋಡಿ."